ಚಿಟಿಕೆ ಕ್ರಿಪ್ಟೋ, ಹಳೇ ಟೈಪ್‌ರೈಟರ್

ಹತ್ತು ಬೆರಳಿರುವವನಿಗೆ ಈ ಲೋಕದಲ್ಲಿ ಅಸಾಧ್ಯವಾದದ್ದು ಯಾವುದಿದೆ ಸ್ವಾಮಿ! ಕೀಲಿಗಳತ್ತ ಕಣ್ಣು ಹಾಯಿಸದೆ ಪುಟಗಟ್ಟಲೆ ಟೈಪು ಮಾಡಿ, ಕಚೇರಿಯ ಅರ್ಧ ಇತಿಹಾಸವನ್ನೇ ಕುಟ್ಟಿ ಹಾಕಿದ ಕೈ ನನ್ನದು. ಅಂಥವನಿಗೆ ಯಃಕಶ್ಚಿತ್ ಕ್ರಿಪ್ಟೋ ನಾಣ್ಯವನ್ನು ಒಂದು ವಾಲೆಟ್‌ನಿಂದ, ಅಂದರೆ ಡಿಜಿಟಲ್ ಜೇಬಿನಿಂದ, ಇನ್ನೊಂದಕ್ಕೆ ಸಾಗಿಸುವುದು ಯಾವ ಮಹಾವಿದ್ಯೆ? "ಅರ್ಧ ಗಳಿಗೇಲಿ ಮುಗಿಸ್ತೀನಿ, ನೋಡ್ತಾ ಇರು" ಎಂದು ನನ್ನವಳೆದುರು ಘೋಷಿಸಿಯೇಬಿಟ್ಟೆ.

ಅವಸರಕ್ಕೆ ಕಾರಣವಿತ್ತು. ಬೆಳಿಗ್ಗೆ ನಮ್ಮ ಟೈಪಿಂಗ್ ಮೇಷ್ಟ್ರ ಮಗಳು ಅವಳಿಗೆ ಫೋನ್ ಮಾಡಿದ್ದಳು. "ಅಕ್ಕಾ, ಅಪ್ಪನ ಕ್ಲಾಸು ಮುಚ್ತಾ ಇದೀವಿ. ಹಳೇ ಸಾಮಾನಿನ ವ್ಯಾಪಾರಿ ಒಳ್ಳೆ ಬೆಲೆ ಕೊಟ್ಟು ಮಷೀನುಗಳನ್ನೆಲ್ಲ ನಾಡಿದ್ದು ಒಯ್ತಾನೆ. ನೀವು ಕಲಿತ ಮಷೀನು ಬೇಕಿದ್ರೆ ಅಷ್ಟರೊಳಗೆ ಆ ಬೆಲೆ ಹಿಡ್ಕೊಂಡು ಬನ್ನಿ."

ಆ ಕ್ಲಾಸು! ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಕಿಟಕಿ ಪಕ್ಕದ ಮಷೀನು ಅವಳದು, ಅದರ ಪಕ್ಕದ್ದು ನನ್ನದು. ಅವಳ ಮಷೀನು ಸಾಲು ಮುಗಿಸಿ 'ಟಿಣ್' ಎನ್ನುವಾಗ ನನ್ನದು ಅರ್ಧ ದಾರಿಯಲ್ಲಿ ಕುಂಟುತ್ತಿತ್ತು. ಬೆರಳಿಗೆ ರಿಬ್ಬನ್ ಮಸಿ ಅಂಟಿದರೆ ಒರೆಸಿಕೊಳ್ಳಲು ಇಬ್ಬರಿಗೂ ಒಂದೇ ಚಿಂದಿಬಟ್ಟೆ. ಮೇಷ್ಟ್ರು ರೂಲುದೊಣ್ಣೆಯಿಂದ ಮೇಜು ಕುಟ್ಟಿ "ಕಣ್ಣು ಹಾಳೆ ಮೇಲೆ!" ಎಂದು ಗದರಿದಾಗ ನನ್ನ ಕಣ್ಣು ಎಲ್ಲಿರುತ್ತಿತ್ತೆಂದು ಇಡೀ ಕ್ಲಾಸಿಗೆ ಗೊತ್ತಿತ್ತು. ಆ ಸದ್ದು ನೆನೆದರೆ ಈಗಲೂ ಹರೆಯ ಮರುಕಳಿಸುತ್ತದೆ.

ಇನ್ನು ದುಡ್ಡಿನ ಮಾತು. ಅವಳು ಹೊಲಿಗೆಯಿಂದ ಕೂಡಿಸಿದ್ದನ್ನು "ಬೆಳೆಸ್ತೀನಿ ಕೊಡು" ಎಂದು ಕ್ರಿಪ್ಟೋಗೆ ಸುರಿದ ಮಹಾನುಭಾವ ನಾನೇ. ಮೊದಲು ಅದು ಮಾರುವ-ಕೊಳ್ಳುವ ಆ್ಯಪ್‌ನ ವಾಲೆಟ್‌ನಲ್ಲೇ ಇತ್ತು. ನಮ್ಮ ಕಚೇರಿಯ ಕ್ಯಾಷಿಯರು "ಕಂಡವರ ಜೇಬಲ್ಲಿ ನಿಮ್ಮ ದುಡ್ಡು ಯಾಕ್ರೀ?" ಎಂದು ಹೆದರಿಸಿ, ಪೆನ್‌ಡ್ರೈವಿನಂಥ ಒಂದು ಸ್ವಂತ ವಾಲೆಟ್‌ಗೆ ಸಾಗಿಸಿಕೊಟ್ಟಿದ್ದರು. ಮಾರಬೇಕೆಂದರೆ ಈಗ ಅದು ಮರಳಿ ಆ್ಯಪ್‌ಗೆ ಹೋಗಬೇಕು. ಅದಕ್ಕೊಂದು ವಿಳಾಸ. ವಿಳಾಸವೆಂದರೆ ಬೀದಿ, ತಿರುವು ಅಂದುಕೊಂಡಿರಾ? ಅಂಕಿ-ಅಕ್ಷರಗಳ ಗೂಡ್ಸ್ ರೈಲು!

"ಅದನ್ನ ಕಾಪಿ ಮಾಡಿ ಅಂಟಿಸಿಬಿಡಿ" ಎಂದಳು ನನ್ನವಳು.

"ಕಾಪಿ? ನಾನು? ಮಧ್ಯದಲ್ಲಿ ವೈರಸ್ಸು ವಿಳಾಸಾನೇ ಬದಲಾಯಿಸುತ್ತಂತೆ. ಹತ್ತು ಬೆರಳಿಗೆ ವೈರಸ್ ತಗಲುತ್ತಾ?"

"ತಗಲಿದೆಯಲ್ಲ! ಜಂಭ ಅಂತ ಅದರ ಹೆಸರು."

ಕುಟ್ಟಿದೆ. 'ವಿಳಾಸ ತಪ್ಪಾಗಿದೆ' ಎಂದಿತು ಪರದೆ. ಮತ್ತೆ ಕುಟ್ಟಿದೆ, ಮತ್ತದೇ ರಾಗ. ಕಾರಣ ಹೊಳೆಯಿತು: ಎಲ್ಲೆಂದರಲ್ಲಿ ದೊಡ್ಡಕ್ಷರ, ನಡುನಡುವೆ ಚಿಕ್ಕಕ್ಷರ! ಮೇಷ್ಟ್ರು ನೋಡಿದ್ದರೆ ಹಾಳೆಯನ್ನೇ ಹರಿದು ಹಾಕುತ್ತಿದ್ದರು. ಬರೆದವನಿಗೆ ಶಿಸ್ತಿಲ್ಲದಿದ್ದರೆ ಟೈಪು ಮಾಡುವವನಿಗಾದರೂ ಬೇಡವೇ? ಎಲ್ಲವನ್ನೂ ಚಿಕ್ಕಕ್ಷರಕ್ಕಿಳಿಸಿ ಶುದ್ಧಪ್ರತಿ ತಯಾರಿಸಿದೆ. ಪರದೆ ತೆಪ್ಪಗೆ ಒಪ್ಪಿಕೊಂಡಿತು!

"ನೋಡಿದ್ಯಾ? ಇದಕ್ಕೆ ಅನುಭವ ಅಂತಾರೆ. ಕಳಿಸ್ಲಾ ಎಲ್ಲಾನೂ?"

"ಬೇಡ ಬೇಡ! ಅಡುಗೆಗೂ ಮೊದಲು ಚಿಟಿಕೆ ಉಪ್ಪು ಹಾಕಿ ರುಚಿ ನೋಡ್ತೀವಿ. ಒಂದು ಚಿಟಿಕೆ ಕಳಿಸಿ."

ಅವಳ ಮನಸ್ಸು ನೋಯಿಸಬಾರದೆಂಬ ದೊಡ್ಡತನದಿಂದ ಚಿಟಿಕೆ ಕಳಿಸಿದೆ. ಊಟವಾಯಿತು. ಪಾತ್ರೆಗಳನ್ನೂ ತೊಳೆದಾಯಿತು. ಆ್ಯಪ್‌ನಲ್ಲಿ ಏನೂ ಇಲ್ಲ! ಅವಳು ಕನ್ನಡಕ ಏರಿಸಿ, ಎರಡೂ ವಿಳಾಸಗಳ ಮೇಲೆ ಬೆರಳಾಡಿಸಿದಳು.

"ಇಲ್ಲಿ ಚಿಕ್ಕಕ್ಷರದ 'b' ಇದೆ. ನೀವು '6' ಒತ್ತಿದೀರಿ."

ಕ್ಯಾಷಿಯರಿಗೆ ಫೋನ್ ಮಾಡಿದೆ. ಅವರು ಅಳುವುದೋ ನಗುವುದೋ ತಿಳಿಯದವರಂತೆ ಹೇಳಿದರು: "ಆ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಾ ಕಾವಲು ಕಣ್ರೀ! ತಪ್ಪಾದಾಗ ಅವೇ ತಡೀತಿದ್ವು. ನೀವು ಕಾವಲುಗಾರನ್ನೇ ಮನೆಗೆ ಕಳಿಸಿ ಬಾಗಿಲು ತೆಗೆದಿದೀರಿ. ಹೋಗಿದ್ದು ಹೋಯ್ತು, ಇನ್ನು ಬರಲ್ಲ."

ಚಿಟಿಕೆಯೇನೋ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಎಲ್ಲವನ್ನೂ ಕಳಿಸಿದ್ದರೆ? ಅವಳ ವರ್ಷಗಟ್ಟಲೆಯ ಹೊಲಿಗೆ, ಆ ಕಿಟಕಿ ಪಕ್ಕದ ಮಷೀನು ಎರಡೂ ಹೋಗುತ್ತಿದ್ದವು. ಹತ್ತೂ ಬೆರಳುಗಳನ್ನು ಕೀಲಿಗಳಿಂದ ಹಿಂದಕ್ಕೆಳೆದುಕೊಂಡೆ.

"ಸರೀರಿ ಆ ಕಡೆ" ಎಂದಳು. ವಿಳಾಸವನ್ನು ಕಾಪಿ ಮಾಡಿ ಅಂಟಿಸಿದಳು. ಆಮೇಲೆ ಒಂದೊಂದೇ ಅಕ್ಷರ ಓದಿ ತಾಳೆ ನೋಡಿದಳು. ಮೊದಲು ಇನ್ನೊಂದು ಚಿಟಿಕೆ. ಅದು ಸುಖವಾಗಿ ಮುಟ್ಟಿದ ಮೇಲೆ ಉಳಿದದ್ದು.

"ಕಾಪಿ ಮಾಡೋದಾ..." ಎಂದು ಗೊಣಗಿದೆ.

"ಕ್ಲಾಸಲ್ಲಿ ದಿನಾ ನನ್ನ ಹಾಳೆ ನೋಡ್ಕೊಂಡೇ ಹೊಡೀತಿದ್ರಿ. ಆಗಿಲ್ಲದ ನಾಚಿಕೆ ಈಗ್ಯಾಕೆ?"

ನಾಣ್ಯ ಮಾರಿ ಬಂದ ಹಣದಲ್ಲಿ ಮರುದಿನ ಮಷೀನು ಕೊಂಡೆವು. ಕ್ಲಾಸಿನ ಖಾಲಿ ಬೆಂಚುಗಳ ನಡುವೆ ಇಬ್ಬರೂ ನಮ್ಮ ಹಳೇ ಜಾಗಗಳಲ್ಲಿ ಒಮ್ಮೆ ಕೂತೆದ್ದೆವು. ಮನೆಗೆ ಬರುವಾಗ ಅವಳು ಅದನ್ನು ಮಗುವಿನಂತೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಸಂಜೆ ಊಟದ ಮೇಜಿನಿಂದ ಟಕಟಕ ಸದ್ದು ಕೇಳಿಸಿತು. ಅದೇ ವೇಗ, ಅದೇ ಲಯ! ಬಾಗಿಲಲ್ಲೇ ನಿಂತೆ, ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳ ಮೇಲೆ ಹೊಡೆಯುವ ಮೊದಲ ಪತ್ರ ನನಗಲ್ಲದೆ ಇನ್ಯಾರಿಗೆ? ಹೌದು, ನನಗೇ! ಹಾಳೆಯನ್ನು ಎಳೆದು ನನ್ನ ಕೈಗೇ ಕೊಟ್ಟಳು.

'ಆದೇಶ: ಈ ಮನೆಯ ಹಣವು ಯಾವ ಬಗೆಯ ವಾಲೆಟ್‌ನಲ್ಲಿದ್ದರೂ ಇಂದಿನಿಂದ ಶ್ರೀಮತಿಯವರ ವಶದಲ್ಲಿರತಕ್ಕದ್ದು. ಶ್ರೀಯುತರು ಬೆರಳು ಸೋಕಿಸತಕ್ಕದ್ದಲ್ಲ. ಒಪ್ಪಿದ್ದಕ್ಕೆ ಸಹಿ.'

ಒಂದಾದರೂ ತಪ್ಪು ಸಿಕ್ಕೀತೆಂದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಸಿಗಲಿಲ್ಲ. ಸಹಿ ಹಾಕಿದೆ!