ಗೋಡೆ ತಳ್ಳದ ಅಳಿಯ

"ಈ ಸಲ ಸುಗ್ಗಿಗೆ ಮೊದಲ ಮೊರ ತುಂಬೋನು ನಾನೇ!" ಎಂದು ಯಶವಂತಪುರದ ನಮ್ಮ ಬಾಡಿಗೆ ಮನೆಯ ನಡುವೆ ನಿಂತು ಘೋಷಿಸಿದೆ.

ಬಾಗಲಗುಂಟೆಯ ನನ್ನ ಮಾವ ಮುನಿಶಾಮಪ್ಪನವರ ಕಣದಲ್ಲಿ ರಾಗಿರಾಶಿಯ ಪೂಜೆಯಾದ ಮೇಲೆ ಮೊದಲ ಮೊರ ತುಂಬುವ ಮರ್ಯಾದೆ ಅಳಿಯನದು. ಆದರೆ ಕುಕ್ಕರಗಾಲಲ್ಲಿ, ಹಿಮ್ಮಡಿ ನೆಲಕ್ಕೂರಿ ಕೂರಬೇಕು. ಮಂಡಿ ಊರುವಂತಿಲ್ಲ, ಅಳತೆ ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ವರ್ಷಾ ವರ್ಷ ನನ್ನ ಷಡ್ಡಕ ಚನ್ನಕೇಶವನೇ ಆ ಮರ್ಯಾದೆ ಹೊಡೆದುಕೊಂಡು, ನನ್ನತ್ತ ನೋಡಿ ಮೀಸೆ ತಿರುವುತ್ತಿದ್ದ.

ನಿಜವಾದ ಶತ್ರು ನನ್ನದೇ ಕಾಲು! ಮುಂಗಾಲಲ್ಲಿ ಆಣಿ, ಅಂಗಾಲಲ್ಲಿ ಉರಿ. ಬೂಟಿನ ಮೇಲೆ ಬೂಟು ಬದಲಾಯಿಸಿದೆ. ಕೊನೆಗೆ ಡಾಕ್ಟರು ನನ್ನ ಪಾದವನ್ನು ಮೇಲಕ್ಕೆ ಬಗ್ಗಿಸಲು ಹೋಗಿ, ಸೋತು, "ಬೂಟು ನಿರಪರಾಧಿ ಕಣ್ರೀ. ನಿಮ್ಮ ಕಣಕಾಲಿನ ಕೀಲೇ ಬಗ್ಗಲ್ಲ. ಹಿಮ್ಮಡಿ ಬೇಗ ಎದ್ದು ಭಾರವೆಲ್ಲ ಮುಂಗಾಲಿಗೆ ಬೀಳುತ್ತೆ. ದಿನಾ ಹಿಮ್ಮಡಿ ಊರಿ ಗೋಡೆ ತಳ್ಳಿ, ಕೀಲು ಸಡಿಲಾಗುತ್ತೆ, ಕುಕ್ಕರಗಾಲಲ್ಲೂ ಕೂರಬಹುದು" ಎಂದರು.

ಗೋಡೆ ತಳ್ಳುವುದೇ! ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತ ಬೆಳಿಗ್ಗೆ ಎದ್ದು ಗೋಡೆ ತಳ್ಳಿದರೆ ಮನೆ ಓನರು ಏನೆಂದುಕೊಂಡಾರು?

"ರೀ, ಗೋಡೆ ತಳ್ಳಿದ್ರಾ?" ಎಂದು ನನ್ನಾಕೆ ವೆಂಕಟಲಕ್ಷ್ಮಮ್ಮ ಅಡುಗೆಮನೆಯಿಂದ ಕೇಳುವಳು.

"ತಳ್ಳಿ ತಳ್ಳಿ ಗೋಡೆಗೇ ಸುಸ್ತಾಗಿದೆ!" ಎಂದು ನಾನು ಹಾಸಿಗೆಯಿಂದಲೇ ಗುಡುಗುವೆ.

ಪಾಪ, ನಂಬಿದಳು. ನಂಬಿ, ಈ ಸಲ ಮೊರ ನಮ್ಮೋರ ಕೈಗೇ ಕೊಡಿ ಎಂದು ತವರಿಗೆ ಹೇಳಿಯೂ ಕಳಿಸಿದಳು.

ಸುಗ್ಗಿ ಬಂತು. ಕಣದ ನಡುವೆ ರಾಶಿ, ರಾಶಿಯ ನೆತ್ತಿಯಲ್ಲಿ ಸಗಣಿಯ ಬೆನಕಪ್ಪ, ಸುತ್ತ ನೆಂಟರೆಲ್ಲ ಗಪ್‌ಚಿಪ್. ಬೂಟು ಬಿಚ್ಚಿಟ್ಟು, ಮೊರ ಹಿಡಿದು, ದಿಗ್ವಿಜಯಕ್ಕೆ ಹೊರಟವನ ಗತ್ತಿನಲ್ಲಿ ಕೂತೆ. ಹಿಮ್ಮಡಿ ಎದ್ದಿತು. ಮಾವ ಕಣ್ಣಲ್ಲೇ "ಊರಿ" ಎಂದರು.

ಊರಿದ್ದೇ ತಡ, ಮೈ ಹಿಂದಕ್ಕೆ ವಾಲಿತು! ಕೈ ಗಾಳಿ ಹಿಡಿಯಿತು, ಕಾಲು ರಾಶಿಯನ್ನೇ ಒದೆಯಿತು! ರಾಗಿ ಜರಿಯಿತು, ಬೆನಕಪ್ಪ ಉರುಳಿ ಬಂದು ನನ್ನ ಹೊಟ್ಟೆಯ ಮೇಲೆ ಪ್ರತಿಷ್ಠಾಪನೆಗೊಂಡ. ಅಯ್ಯೋ ಎನ್ನುವಂತಿಲ್ಲ ನಾನು, ನಗುವಂತಿಲ್ಲ ಅವರು! ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಚನ್ನಕೇಶವ ಟವೆಲ್ ಕಚ್ಚಿ ಕಣ್ಣೀರಿಟ್ಟ. ನನ್ನ ಆಣಿಗಳು ಆಕಾಶಕ್ಕೆ ಮುಖಮಾಡಿ ಎಲ್ಲರಿಗೂ ದರ್ಶನ ಕೊಟ್ಟವು.

ವೆಂಕಟಲಕ್ಷ್ಮಮ್ಮ ಮಾತ್ರ ತಲೆ ತಗ್ಗಿಸಿ ನಿಂತಿದ್ದಳು. ಆಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಮಾವ ಸದ್ದಿಲ್ಲದೆ ಮೊರ ಎತ್ತಿ ಚನ್ನಕೇಶವನ ಕೈಗಿಟ್ಟರು.

ಅಳತೆ ಮುಗಿದು ಬಾಯಿಗಳು ಬಿಚ್ಚಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಗೋಡೆಗೆ ಸುಸ್ತಾಗಿದೆ ಅಂದ್ರಿ?"

ಮರುದಿನ ಬೆಳಿಗ್ಗೆ ಮಾವನ ಮನೆಯ ಮುಂದಿನ ಗೋಡೆಗೆ ಎರಡೂ ಕೈ ಕೊಟ್ಟು, ಹಿಮ್ಮಡಿ ಊರಿ ನಿಂತಿದ್ದೆ. ಪಕ್ಕದಲ್ಲಿ ಕಾವಲಿಗೆ ಹೆಂಡತಿ. ನೀರಿಗೆ ಹೊರಟ ನೆರೆಮನೆಯ ಪಟಾಲಮ್ಮ ಬಿಂದಿಗೆ ಇಳಿಸಿ ನಿಂತಳು.

"ಏನಣ್ಣ ಮುನಿಶಾಮಣ್ಣ, ನಿನ್ ಅಳಿಯ ಗ್ವಾಡೆ ಬೀಳುಸ್ತಾವ್ನಲ್ಲ!"

ಜಗಲಿಯ ಮೇಲೆ ಕೂತಿದ್ದ ಮಾವ ನಿಟ್ಟುಸಿರು ಬಿಟ್ಟರು.

"ಬೀಳುಸ್ಲಿ ಬಿಡವ್ವ. ಗ್ವಾಡೆ ಆದ್ರೆ ತಿರ್ಗಾ ಕಟ್ಕೋಬೌದು. ರಾಶಿ ಅತ್ರ ಓಗ್ದಿದ್ರೆ ಸಾಕು!"