ಜಿಂಕೆಗೆ ಕ್ಯಾಲೆಂಡರ್ ಕೊಟ್ಟವರು ಯಾರು?

ನಮ್ಮ ಸೋದರಮಾವನಿಗೆ ಇದ್ದದ್ದು ಒಂದೇ ಸಂಸಾರದ ಚಿಂತೆ. ಅದೂ ತಮ್ಮ ಸಂಸಾರದ್ದಲ್ಲ, ಜಿಂಕೆಗಳದ್ದು! ಜೋಡಿಯಾಗುವ ಕಾಲ ಬಂತು ಅಂತ ಜಿಂಕೆಗೆ ಹೇಳುವವರು ಯಾರು? ಅದರ ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ತೂಗುತ್ತದೆಯೇ? ಈ ಪ್ರಶ್ನೆ ಹರಿಹರದ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರ ತಲೆ ತಿನ್ನಬೇಕಾದ ಅಗತ್ಯವಾದರೂ ಏನಿತ್ತು? ಮಾವ ಹೋಗಿ ಎರಡು ವರ್ಷವಾಯಿತು. ಈಗಲೂ ಹೆದ್ದಾರಿಯಲ್ಲಿ ಮೃಗಾಲಯದ ಬೋರ್ಡು ಕಂಡರೆ ಸ್ಕೂಟಿ ಮೇಲೆ ಒಬ್ಬಳೇ ನಗುತ್ತೇನೆ.

ಎಲ್ಲಾ ಶುರುವಾದದ್ದು ನಿವೃತ್ತಿಯ ನಂತರ ಓದಿದ ಒಂದು ಪುಸ್ತಕದಿಂದ. ಚಳಿ ದೇಶದ ಜಿಂಕೆಗಳಿಗೆ ಹಗಲೇ ಗಡಿಯಾರವಂತೆ. ಬೇಸಿಗೆ ಕಳೆದು ಹಗಲು ಕುಗ್ಗಿ ಕತ್ತಲು ಹಿಗ್ಗಿದಂತೆ, ಮೆದುಳಿನ ಪುಟ್ಟ ಗ್ರಂಥಿಯೊಂದು ಹೆಚ್ಚು ಹೊತ್ತು ರಸ ಸುರಿಸಿ ‘ಏಳು, ಕಾಲ ಬಂತು’ ಅನ್ನುತ್ತದಂತೆ. ಆಗ ಕೂಡಿದರೆ, ಮರಿ ಹುಟ್ಟುವ ಹೊತ್ತಿಗೆ ಹೊಸ ಹುಲ್ಲು ಚಿಗುರಿರುತ್ತದೆ.

ಓದಿದವರು ಸುಮ್ಮನಿರಬಹುದಿತ್ತಲ್ಲ? ಸಂಜೆ ಏಳಾಯಿತೆಂದರೆ ಮನೆಯ ದೀಪವನ್ನೆಲ್ಲ ಆರಿಸತೊಡಗಿದರು. "ಟ್ಯೂಬ್‌ಲೈಟು ಮೆದುಳಿಗೆ ಮೋಸ ಮಾಡ್ತೈತೆ" ಅಂತ ವಾದ. ಆ ಕತ್ತಲಲ್ಲಿ ಅತ್ತೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಸುರಿದರು.

"ಏನಿದು, ಸಾರೋ ಪಾಯಸಾನೋ?" ಮಾವ ಮುಖ ಕಿವುಚಿದರು.

"ನಿಮ್ಮ ಮೆದುಳಿಗೆ ಕತ್ತಲು ಬೇಕಂದ್ರೆ ಕಣ್ಣು ಮುಚ್ಕೊಂಡು ಕೂಡ್ರಿ. ನನ್ನ ಒಲಿ ಮುಂದಿನ ದೀಪ ಯಾಕ ಆರಸ್ತೀರಿ?"

ಪ್ರಯೋಗ ಅಲ್ಲಿಗೆ ಮುಗಿಯಿತು!

ಆಮೇಲೆ ಮಾವ ನನ್ನ ಬೆನ್ನು ಹತ್ತಿದರು. ಭಾನುವಾರವಾದರೆ ಸಾಕು, ಹರಿಹರದಿಂದ ಬಸ್ಸು ಹಿಡಿದು, ಕೊಡೆ ಹಿಡಿದು, ಪಕ್ಕದೂರಿನ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆ ಬಾಗಿಲಲ್ಲಿ ಹಾಜರು. ಸ್ಕೂಟಿಯಲ್ಲಿ ಅವರನ್ನು ಕೂರಿಸಿಕೊಂಡು ಊರಾಚೆಯ ಮೃಗಾಲಯಕ್ಕೆ ಹೋಗುವುದು ನನ್ನ ಕೆಲಸ. ನೆತ್ತಿ ಸುಡುವ ಏಪ್ರಿಲ್. ಬೇಲಿಯ ಆಚೆ ಗಂಡು ಜಿಂಕೆಗಳು ಕತ್ತು ಚಾಚಿ ಕೂಗುತ್ತಿದ್ದವು, ಕೊಂಬಿಗೆ ಕೊಂಬು ತಾಗಿಸುತ್ತಿದ್ದವು. ಹಗಲು ಕುಗ್ಗುವುದಿರಲಿ, ದಿನದಿನಕ್ಕೂ ಹಿಗ್ಗುತ್ತಿದ್ದ ಕಾಲ ಅದು. ಪಾಪ, ನಮ್ಮ ಚುಕ್ಕೆ ಜಿಂಕೆಗಳು ಮಾವನ ಪುಸ್ತಕ ಓದಿರಲಿಲ್ಲ!

ಅದೂ ಹೋಗಲಿ, ಒಂದರ ಕೊಂಬು ಗಟ್ಟಿಯಾಗಿದ್ದರೆ ಇನ್ನೊಂದರದು ಇನ್ನೂ ಮಖಮಲ್ಲಿನ ಹೊದಿಕೆಯಲ್ಲಿತ್ತು. ಮೂರನೆಯದಕ್ಕೆ ಕೊಂಬು ಉದುರಿ ಬೋಳು ತಲೆ.

"ಶಿಸ್ತೇ ಇಲ್ಲ ಇವಕ್ಕೆ! ಒಂದೇ ಕ್ಲಾಸಿನಾಗೆ ಒಬ್ಬೊಬ್ಬ ಒಂದೊಂದು ಪಾಠ ಓದಿದಂಗೆ ಐತೆ" ಎಂದು ಮಾವ ಗೊಣಗಿದರು. ಹುಲ್ಲು ಹಾಕುತ್ತಿದ್ದ ಕೆಲಸಗಾರನನ್ನೇ ಕರೆದು, "ಹಗಲು ನೋಡಿ ಕಾಲ ತಿಳಿಯಾದಿಲ್ಲೇನಪ್ಪ ಇವಕ್ಕೆ?" ಎಂದು ಕೇಳಿದರು.

"ನಮ್ಮ ಸೀಮ್ಯಾಗೆ ಹಗಲು ಎಷ್ಟು ಹೆಚ್ಚುಕಡಿಮಿ ಆಗ್ತೈತ್ರಿ ಸರ್?" ಎಂದ ಅವನು. "ಹೊಟ್ಟಿ ತುಂಬಿರಬೇಕು, ಮೈಯಾಗ ಕಸುವಿರಬೇಕು. ಆಮ್ಯಾಲೆ ಅದರ ಟೈಮು ಅದಕ್ಕೆ ಗೊತ್ತು ಬಿಡ್ರಿ."

ಮಾವ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ವಾಪಸು ಬರುವಾಗ ಮಂಡಕ್ಕಿ ಅಂಗಡಿಯಲ್ಲಿ ಮಿರ್ಚಿ ಕೈಯಲ್ಲೇ ಹಿಡಿದು ಕೂತಿದ್ದರು. "ಇಷ್ಟು ವರ್ಷ ಪಾಠ ಮಾಡಿದ್ದು ದಂಡ ಆತು. ಆ ಮನುಷ್ಯನ ಹತ್ರ ಒಂದನೇ ಕ್ಲಾಸಿಗೆ ಸೇರ್ಕಂಬೇಕು ನಾನು."

ಮಲೆಬೆನ್ನೂರಿನ ಒಂದು ಮದುವೆಯಲ್ಲಂತೂ ಪುರೋಹಿತರನ್ನೇ ಹಿಡಿದು ನಿಲ್ಲಿಸಿದರು. "ಸ್ವಾಮಿ, ವೈಶಾಖದಾಗೆ ಇಷ್ಟು ಮುಹೂರ್ತ ಯಾಕ್ರಿ? ನಮ್ಮ ಜಿಂಕಿಗೂ ಇದೇ ಸೀಜನ್ ಐತೆ!" ಮದುಮಗ ಪೇಟದೊಳಗೇ ಬೆವೆತುಹೋದ.

ಮುಂದೆ ಈ ಹುಚ್ಚು ನೆಂಟರ ಮೇಲೂ ತಿರುಗಿತು. ಯಾರ ಮಗು ಯಾವ ತಿಂಗಳು ಹುಟ್ಟಿತು, ಎಲ್ಲರನ್ನೂ ಕೇಳಿ ಬರೆದುಕೊಂಡರು. ಸೊಸೆಯಂದಿರು ಮಾವ ಬಂದರೆ ಹಿತ್ತಿಲಿಗೆ ಓಡುತ್ತಿದ್ದರು! ನನ್ನ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಊರೆಲ್ಲ ನನ್ನನ್ನು ಕೇಳುತ್ತಿತ್ತು, "ಏನಾದ್ರೂ ವಿಶೇಷ ಐತೇನವ್ವ?" ಅಂತ. ಕಂಡಕಂಡವರನ್ನೆಲ್ಲ ಮಕ್ಕಳ ವಿಷಯವನ್ನೇ ಕೇಳುತ್ತಿದ್ದ ಮಾವ ಮಾತ್ರ ನನ್ನನ್ನು ಒಂದು ದಿನವೂ ಕೇಳಲಿಲ್ಲ.

ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಮಗುವಿನ ಕಿವಿಯಲ್ಲಿ ಹೆಸರು ಕೂಗಬೇಕಾದವಳು ಅದರ ಸೋದರತ್ತೆ, ಅಂದರೆ ನಾನು. ಅಷ್ಟರಲ್ಲಿ ದೊಡ್ಡವ್ವ ಯಾರಿಗೋ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. "ಆಕಿಗೆ ಮಕ್ಕಳಾಗಿಲ್ಲ. ಬ್ಯಾರೆ ಯಾರಾದ್ರೂ ಮಕ್ಕಳೊಂದಿಗರ ಕೈಲಿ ಕೂಗಿಸ್ರಿ."

ನಾನು ಮೆಲ್ಲಗೆ ಅಡಿಗೆಮನೆಗೆ ಸರಿದೆ. ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಾ ನಿಂತೆ. ಹಿಂದೆ ಮಾವನ ದನಿ.

"ಲೋಟ ಸವೆದು ಹೋಗ್ತಾವೆ. ಬಾ."

ಒದ್ದೆ ಕೈ ಹಿಡಿದು ನಡುಮನೆಗೆ ಕರೆತಂದರು. "ಅಲ್ಲಪ್ಪ, ಶಾಸ್ತ್ರ..." ಎಂದು ದೊಡ್ಡವ್ವ ಬಾಯಿ ತೆಗೆದರು.

"ಅಕ್ಕ, ಈ ಕೂಸಿಗೆ ಅತ್ತಿ ಅಂತ ಇರಾಕಿ ಒಬ್ಬಾಕಿ. ಆಕಿ ಕೂಗಿದ್ರೇ ಹೆಸರು. ಇಲ್ಲಾಂದ್ರೆ ಕೂಸು ಹಂಗೇ ಇರ್ಲಿ."

ತಮ್ಮನ ಹೆಂಡತಿಯೇ ಎದ್ದು ಬಂದು ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಬಗ್ಗಿ ಹೆಸರನ್ನು ಪಿಸುಗುಟ್ಟಿದೆ.

"ಕೂಸಿಗೆ ಕೇಳಿಲ್ಲವ್ವ, ಇನ್ನೊಂದು ಸಲ" ಎಂದರು ಮಾವ.

ಎರಡನೆಯ ಸಲ ಕೂಗಿದೆ. ಹೆಸರು ಕೂಗಿದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮಲ್ಲಿ ವಾಡಿಕೆ. ದಬದಬ ಗುದ್ದು ಬಿದ್ದವು, ಎಲ್ಲರಿಗಿಂತ ಜೋರಾಗಿ ಗುದ್ದಿದ್ದು ದೊಡ್ಡವ್ವ! ಗಂಡಸರು ಗುದ್ದುವ ಪದ್ಧತಿಯಿಲ್ಲ. ಆದರೂ ಕೊನೆಗೆ ಒಂದು ಕೈ ಬಂತು. ಗುದ್ದಲಿಲ್ಲ. ನನ್ನ ಬಿಕ್ಕು ನಿಲ್ಲುವವರೆಗೂ ಬೆನ್ನ ಮೇಲೆ ಸುಮ್ಮನೆ ಇತ್ತು.