ಹೊಟ್ಟಿನ ಗುಡ್ಡ ಮತ್ತು ನನ್ನ ಎಡಗಾಲು

ಹೆದರುವವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಮುಂದೆ ಏನಾಗುತ್ತದೋ ಎಂದು ಹೆದರುವವರು ಒಂದು ಬಗೆ, ಈಗ ಆಗುತ್ತಿರುವುದಕ್ಕೆ ಹೆದರುವವರು ಇನ್ನೊಂದು ಬಗೆ. ಎರಡರಲ್ಲೂ ನನಗೆ ಸಾಕಷ್ಟು ಅನುಭವವಿದೆ. ಆದರೆ ನನ್ನ ನಿಜವಾದ ಕೈಚಳಕ ಇರುವುದು ಮೂರನೆಯದರಲ್ಲಿ. ಆಗಿ ಮುಗಿದು ಎಷ್ಟೋ ವರ್ಷವಾದ ಸಂಗತಿಗೆ ಇವತ್ತು ಬೆಳಿಗ್ಗೆ ಎದ್ದು ಹೆದರುವುದು. ಬಳ್ಳಾರಿಯ ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಆರಾಮಾಗಿ ಚಹಾ ಕುಡಿಯುತ್ತಿರುತ್ತೇನೆ, ಥಟ್ಟನೆ ಹತ್ತನೇ ತರಗತಿಯ ಗಣಿತದ ಪರೀಕ್ಷೆಗೆ ಹಾಲ್ ಟಿಕೆಟ್ ಒಯ್ದಿದ್ದೆನೋ ಇಲ್ಲವೋ ಎಂದು ಎದೆ ಧಸಕ್ಕೆನ್ನುತ್ತದೆ. ನನಗೀಗ ಐವತ್ತೆರಡು. ಆ ಪರೀಕ್ಷೆಯಲ್ಲಿ ಪಾಸೂ ಆಗಿದ್ದೇನೆ. "ಮತ್ತೇನು ನೆನಪಾತ್ರಿ?" ಎಂದು ಹೆಂಡತಿ ಸುಮಂಗಲಾ ನನ್ನ ಮುಖ ನೋಡಿಯೇ ಕೇಳುತ್ತಾಳೆ. ಅಂದಹಾಗೆ ನನ್ನ ಹೆಸರು ವೀರೇಶ. ಇದರಲ್ಲಿ ನನ್ನ ತಪ್ಪೇನಿಲ್ಲ, ಇಡುವಾಗ ನನ್ನನ್ನು ಯಾರೂ ಕೇಳಿರಲಿಲ್ಲ.

ಇಂಥವನಿಗೆ ಕಳೆದ ಡಿಸೆಂಬರಿನಲ್ಲಿ ಕುರುಗೋಡಿನಿಂದ ಅಕ್ಕನ ಫೋನು ಬಂತು. ಶಾಂತಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕುರುಗೋಡಿಗೆ ಕೊಟ್ಟು ಮೂವತ್ತು ವರ್ಷ ದಾಟಿದರೂ ಊರು ಎಂದರೆ ಅವಳಿಗೆ ನಾವು ಹುಟ್ಟಿ ಬೆಳೆದ ಸಿರುಗುಪ್ಪವೇ. "ಲೇ ಈರಾ, ಅಪ್ಪ ಗುಮಾಸ್ತಿ ಮಾಡ್ತಿದ್ದ ರೈಸ್ ಮಿಲ್ಲಿನಾಗ ಹೊಟ್ಟು ಹೊರ್ತಿದ್ಲಲ್ಲ ಹುಲಿಗೆಮ್ಮ, ಆಕಿ ಈಗ ನಮ್ಮ ಓಣ್ಯಾಗ ಮಗಳ ಮನ್ಯಾಗ ಅದಾಳ. ಭಾಳ ಮೆತ್ತಗಾಗ್ಯಾಳ. ಗುಮಾಸ್ತರ ಮಗ ಹೆಂಗದಾನ ಅಂತ ಎರಡು ಸಲ ಕೇಳಿದ್ಲು ನೋಡು" ಎಂದಳು. "ಮತ್ತೇನಾರ ಅಂದ್ಲಾ?" ಎಂದೆ. "ಏನಂತಾಳ? ಯಾಕಲೇ?" ಎಂದಳು ಅಕ್ಕ. "ಏನಿಲ್ಲ" ಎಂದು ಫೋನಿಟ್ಟೆ.

ಏನಿಲ್ಲ ಎಂಬುದು ಸುಳ್ಳು. ನಲವತ್ತೆರಡು ವರ್ಷದ ಹಿಂದೆ ಹುಲಿಗೆಮ್ಮ ನನ್ನ ಎಡಗಾಲನ್ನು ಉಳಿಸಿದ್ದಳು. ಅವಳಿಗೆ ನಾನು ಒಂದು ಮಾತು ಕೃತಜ್ಞತೆ ಹೇಳಿರಲಿಲ್ಲ. ಈಗ ಅವಳು ಮೆತ್ತಗಾಗಿದ್ದಾಳೆ ಎಂದರೆ ಹೇಳುವ ಕಾಲವೂ ಮುಗಿಯುತ್ತ ಬಂದಿದೆ. ಹೋಗಲೇಬೇಕು. ಆದರೆ ಹೋದರೆ ಅಕ್ಕನ ಎದುರೇ ಆ ಕಥೆ ಹೊರಬೀಳುತ್ತದೆ. ಆ ಕಥೆ ಅಕ್ಕನಿಗೆ ಗೊತ್ತಾಗಬಾರದು ಎನ್ನಲು ನನ್ನ ಹತ್ತಿರ ಗಟ್ಟಿಯಾದ ಕಾರಣವಿತ್ತು.

ಬಳ್ಳಾರಿ ಜಿಲ್ಲೆಯ ಚಳಿ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಸುತ್ತಲೂ ನೀರು ನಿಂತ ಭತ್ತದ ಗದ್ದೆ, ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಹೊಳೆ ಇದ್ದ ಸಿರುಗುಪ್ಪದ ಡಿಸೆಂಬರಿನ ಮುಂಜಾನೆಯಲ್ಲಿ ಅವರು ಒಂದು ಚಡ್ಡಿ, ಗುಂಡಿ ಕಿತ್ತ ಒಂದು ಅಂಗಿ ಹಾಕಿಕೊಂಡು ನಿಂತು ನೋಡಬೇಕಿತ್ತು. ಅವ್ವ ತನ್ನ ಹಳೆಯ ಸೀರೆಯ ತುಂಡನ್ನು ನನ್ನ ತಲೆಗೂ ಎದೆಗೂ ಸುತ್ತಿ ಬೆನ್ನ ಹಿಂದೆ ಗಂಟು ಹಾಕುತ್ತಿದ್ದಳು. ನೋಡಿದವರಿಗೆ ಯಾರೋ ಬಟ್ಟೆಯಲ್ಲಿ ಸುತ್ತಿಟ್ಟ ಕೂಸನ್ನು ಎದ್ದು ಓಡಾಡಲು ಬಿಟ್ಟಂತೆ ಕಾಣುತ್ತಿತ್ತು. ಆ ಹೊತ್ತಿಗೇ ಹೊಸ ಭತ್ತ ಮಿಲ್ಲಿಗೆ ಬರುವುದು. ಮಿಲ್ಲುಗಳು ಹಗಲೆಲ್ಲ ಗುಂಯ್‌ಗುಟ್ಟುವುದು. ದಪ್ಪ ಕೊಳವೆಯೊಂದು ಗೋಡೆಯಿಂದ ಸೊಂಡಿಲು ಚಾಚಿ ಹಿತ್ತಲಿಗೆ ಹೊಟ್ಟನ್ನು ಉಗುಳುತ್ತ ಉಗುಳುತ್ತ ಸಂಕ್ರಾಂತಿಯ ಹೊತ್ತಿಗೆ ಅಲ್ಲೊಂದು ಗುಡ್ಡವೇ ಏಳುತ್ತಿತ್ತು. ಎರಡಾಳು ಮೂರಾಳು ಎತ್ತರ, ಬಂಗಾರದ ಬಣ್ಣ. ಕುರುಗೋಡಿನವರಿಗೆ ದೇವರು ಕಲ್ಲಿನ ಗುಡ್ಡ ಕೊಟ್ಟಿದ್ದಾನೆ. ನಮಗೆ ನಮ್ಮ ಗುಡ್ಡವನ್ನು ವರ್ಷಾ ವರ್ಷಾ ಹೊಸದಾಗಿ ಕೊಡುತ್ತಿದ್ದ.

ಆ ಗುಡ್ಡದ ನೆತ್ತಿಗೆ ಹತ್ತಿ, ಗೋಣಿಚೀಲದ ಮೇಲೆ ಕೂತು, ಚೀಲದ ಎರಡು ಮೂಲೆ ಹಿಡಿದು ಕೆಳಗೆ ಜಾರುವುದೇ ನಮ್ಮ ಚಳಿಗಾಲ. ಭತ್ತದ ಹೊಟ್ಟಿನಷ್ಟು ನುಣ್ಣಗೆ ಜಾರುವ ವಸ್ತುವನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಕಿವಿಯೊಳಗೆ, ಮೂಗಿನೊಳಗೆ, ಚಡ್ಡಿಯೊಳಗೆ ಹೊಟ್ಟು ಸೇರಿ, ಸಾಲಿಯಲ್ಲಿ ಇಡೀ ದಿನ ಕೆರೆದುಕೊಳ್ಳುವುದೇ ಕೆಲಸ. ಇದರಲ್ಲಿ ಅಪಾಯವೂ ಇತ್ತು, ಅದಕ್ಕೇ ಗಮ್ಮತ್ತಿತ್ತು. ಸಡಿಲ ಹೊಟ್ಟಿನಲ್ಲಿ ಕಾಲು ಹೂತರೆ ಸೊಂಟದವರೆಗೂ ಇಳಿದುಹೋಗುವುದು. ಅದಕ್ಕಿಂತ ಮುಖ್ಯವಾಗಿ, ಗುಡ್ಡದ ಬಲಕ್ಕೆ ಬಾಯ್ಲರಿನ ಬೂದಿ ಸುರಿಯುತ್ತಿದ್ದರು. ನೀರು ಹಾಕಿ ಆರಿಸಿಯೇ ಸುರಿದರೂ ಆ ಕಪ್ಪು ಬೂದಿಯ ಹೊಟ್ಟೆಯೊಳಗೆ ಮಧ್ಯಾಹ್ನದವರೆಗೂ ಕಾವು ಇರುತ್ತಿತ್ತು. ಹಿತ್ತಲಿಗೆ ಯಾರೂ ಕಾಲಿಡಬಾರದು ಎಂದು ಅಪ್ಪನ ಕಟ್ಟಪ್ಪಣೆ. ಅಪ್ಪ ಮೆಲ್ಲಗೆ ಮಾತಾಡುವ ಮನುಷ್ಯ, ಆದರೆ ಅವರ ಕೈ ಹಾಗಿರಲಿಲ್ಲ.

ನಮ್ಮ ತಂಡದ ಮುಖ್ಯಸ್ಥ ನನ್ನ ಕ್ಲಾಸಿನ ಖಾಜಾ. ಅವನ ಕಾನೂನು ಒಂದೇ ಸಾಲು: "ಕರೇದು ತುಳೀಬ್ಯಾಡ, ಹಳದೀದು ತುಳಿ." ಆ ಒಂದು ಸಾಲಿನ ಮೇಲೆ ಆರೇಳು ಹುಡುಗರ ಹದಿನಾಲ್ಕು ಕಾಲು ಎಷ್ಟೋ ಚಳಿಗಾಲ ಸುರಕ್ಷಿತವಾಗಿದ್ದವು. ನಾನು ಮಾತ್ರ ಆಗಲೂ ಈಗಿನ ಹಾಗೇ. ಜಾರುವ ಮೊದಲು ಚೀಲದಲ್ಲಿ ತೂತು ಇದೆಯೇ ನೋಡುವುದು, ಕೆಳಗೆ ನಾಯಿ ಇದೆಯೇ ನೋಡುವುದು, ಗಾಳಿ ಯಾವ ಕಡೆಗಿದೆ ಎಂದು ನೋಡುವುದು. "ಲೇ, ನೀ ಜಾರಾಕ ಬಂದೀಯೋ ಪಂಚಾಂಗ ನೋಡಾಕ ಬಂದೀಯೋ" ಎಂದು ಖಾಜಾ ಬೆನ್ನಿಗೆ ಒಂದು ತಳ್ಳು ಕೊಡುವವರೆಗೂ ನಾನು ಹೊರಡುತ್ತಿರಲಿಲ್ಲ.

ಅವತ್ತೂ ಹಾಗೇ ತಳ್ಳಿದ. ಚೀಲ ಹೊರಟಿತು. ಅರ್ಧ ದಾರಿಯಲ್ಲಿ ನನಗೆ ವೇಗ ಹೆಚ್ಚಾಯಿತು ಎನ್ನಿಸಿತು. ಬೇರೆ ಯಾವ ಹುಡುಗನಿಗೂ ಅದುವರೆಗೆ ಹಾಗನ್ನಿಸಿರಲಿಲ್ಲ. ಅವರೆಲ್ಲ ಕೈಬಿಟ್ಟು ಕೂಗುತ್ತ ನೇರವಾಗಿ ಹೋಗಿ ನೇರವಾಗಿ ನಿಲ್ಲುತ್ತಿದ್ದರು. ನಾನು ಜಾಗ್ರತೆಯ ಹುಡುಗನಾದ್ದರಿಂದ ಬಲಗಾಲಿನ ಹಿಮ್ಮಡಿ ಊರಿ ಬ್ರೇಕ್ ಹಾಕಿದೆ. ಚೀಲ ಗಿರ್ರೆಂದು ಬಲಕ್ಕೆ ತಿರುಗಿ, ನನ್ನನ್ನು ಗುಡ್ಡದ ಅಂಚಿಗೆ ಎಸೆಯಿತು. ಬಿದ್ದರೂ ನಾನು ಕಾನೂನು ಮರೆಯಲಿಲ್ಲ. ಕಪ್ಪು ಬೂದಿಯನ್ನು ತಪ್ಪಿಸಿ, ಪಕ್ಕದಲ್ಲಿ ಹಳದಿ ಹೊಟ್ಟು ಕಂಡ ಕಡೆ ಎಡಗಾಲು ಇಟ್ಟೆ. ಕಾಲು ಕೆಳಗಿಳಿಯಿತು. ಹೊಟ್ಟಿನ ಕೆಳಗೆ ಬೂದಿ, ಬೂದಿಯ ಕೆಳಗೆ ನಿಗಿನಿಗಿ ಕೆಂಡ.

ಮೊದಲು ಬಂದದ್ದು ರಬ್ಬರಿನ ವಾಸನೆ. ನನ್ನ ಹವಾಯಿ ಚಪ್ಪಲಿ ಕರಗುತ್ತಿತ್ತು. ಕಾಲು ಪಾದ ಮುಳುಗುವಷ್ಟು ಹೂತು ಮೇಲೆ ಬರಲೊಲ್ಲದು. ಖಾಜಾ ಮತ್ತು ಸಂಗಡಿಗರು ಗೋಡೆ ಹಾರಿ ಯಾವಾಗ ಓಡಿದರೋ ಗೊತ್ತಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಹೊಟ್ಟಿನ ಬುಟ್ಟಿ ಬಿಸಾಕಿ ಓಡಿಬಂದು, ಒಂದು ಕೈಯಲ್ಲಿ ನನ್ನ ರಟ್ಟೆ, ಇನ್ನೊಂದರಲ್ಲಿ ಅವ್ವ ಕಟ್ಟಿದ ಸೀರೆಯ ಗಂಟು ಹಿಡಿದು ಮೂಲಂಗಿ ಕಿತ್ತ ಹಾಗೆ ಕಿತ್ತಳು. ಹೆಗಲ ಮೇಲೆ ಹಾಕಿಕೊಂಡು ಭತ್ತ ನೆನೆಹಾಕುವ ತೊಟ್ಟಿಗೆ ಒಯ್ದು ನನ್ನ ಕಾಲನ್ನು ತಣ್ಣೀರಿನಲ್ಲಿ ಅದ್ದಿ ಹಿಡಿದಳು. ಎಷ್ಟು ಹೊತ್ತು ಹಿಡಿದಳೆಂದರೆ ಕಾಲು ಉರಿಯುತ್ತದೋ ಜುಮುಗುಡುತ್ತದೋ ತಿಳಿಯದ ಹಾಗಾಯಿತು. "ಒದರಬ್ಯಾಡಪ್ಪ, ಒದರಬ್ಯಾಡ. ನಿಮ್ಮಪ್ಪಗ ಕೇಳಿಸ್ತೈತಿ" ಎಂದು ಮತ್ತೆ ಮತ್ತೆ ಹೇಳಿದಳು. ನನ್ನ ಬೆನ್ನಿನ ಬಗ್ಗೆ ಈಕೆಗೆ ಎಷ್ಟು ಕಾಳಜಿ ಎಂದುಕೊಂಡೆ. ಅಳು ನಿಲ್ಲಲೆಂದು ಸೆರಗಿನಿಂದ ಒಂದು ಬಿಸಿ ಗೆಣಸು ತೆಗೆದು ಕೈಗಿಟ್ಟಳು. ಅದನ್ನು ತಿಂದೆ. "ಮನ್ಯಾಗ ಏನ್ ಹೇಳ್ತಿ?" ಎಂದು ಕೇಳಿದಳು. "ಏನೂ ಹೇಳಂಗಿಲ್ಲ" ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, ತಲೆ ಸವರಿ, ಹಿಂದಿನ ಗೇಟಿನಿಂದ ಕಳಿಸಿದಳು.

ಮನೆಯಲ್ಲಿ ಏನೂ ಹೇಳದಿರಲು ಆಗಲಿಲ್ಲ, ಏಕೆಂದರೆ ಕಾಲು ಎಲ್ಲವನ್ನೂ ಹೇಳುತ್ತಿತ್ತು. ಬಚ್ಚಲ ಒಲೆಯ ಕೆಂಡ ಹೊರಗೆ ಬಿದ್ದಿತ್ತು, ತುಳಿದೆ ಎಂದೆ. ಬಚ್ಚಲ ಒಲೆ ಹೊತ್ತಿಸುವ ಪಾಳಿ ಅಕ್ಕನದು. ಅಪ್ಪನ ಕೈಯಿಂದ ಅಕ್ಕನಿಗೆ ಎರಡು ಏಟು ಬಿದ್ದವು. ನಾನು ಲೋಳೆಸರ ಹಚ್ಚಿದ ಕಾಲನ್ನು ದಿಂಬಿನ ಮೇಲಿಟ್ಟು ಅದನ್ನು ನೋಡುತ್ತಿದ್ದೆ. ಇಷ್ಟು ವರ್ಷವಾದರೂ ಹಬ್ಬಹುಣ್ಣಿಮೆಗೆ ಎಲ್ಲರೂ ಸೇರಿದಾಗ ಅಕ್ಕ, "ನಾ ಅವತ್ತು ಒಲಿ ಬಾಯಿ ಮುಚ್ಚಿದ್ದೆ, ದೇವರಾಣಿ ಮುಚ್ಚಿದ್ದೆ" ಎನ್ನುತ್ತಾಳೆ. ನಾನು ಹೋಳಿಗೆಯ ಕಡೆ ಗಮನ ಕೊಡುತ್ತೇನೆ.

ಹೋಗುವುದೋ ಬೇಡವೋ ಎಂದು ಮೂರು ವಾರ ಯೋಚಿಸಿದೆ. ಕೊನೆಗೆ ಒಂದು ಭಾನುವಾರ, ಯೋಚಿಸುವುದು ಮುಗಿಯುವಷ್ಟರಲ್ಲಿ ಆ ಮುದುಕಿ ಇಲ್ಲವಾದರೆ ಎಂಬ ಇನ್ನೂ ದೊಡ್ಡ ಹೆದರಿಕೆ ಬಂದು ನನ್ನನ್ನು ಬಸ್ಸಿಗೆ ಹತ್ತಿಸಿತು. ಅಕ್ಕನನ್ನು ಬಿಟ್ಟು ಹೋಗಲು ನೋಡಿದೆ. "ನನ್ನ ಓಣ್ಯಾಗ ನನ್ನ ಬಿಟ್ಟು ಅದೆಂಗ ಹೋಗ್ತಿ" ಎಂದು ಅವಳೇ ಮುಂದೆ ನಡೆದಳು.

ಹುಲಿಗೆಮ್ಮ ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಕಣ್ಣು ಮಂಜಾಗಿವೆ, ದನಿ ಮಾತ್ರ ಮಿಲ್ಲಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ದನಿ. ನಾನು ಯಾರೆಂದು ಅಕ್ಕ ಹೇಳಿದ ಕೂಡಲೇ ನನ್ನ ಕೈ ಹಿಡಿದುಕೊಂಡಳು. ನಾನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಶುರು ಮಾಡಿದೆ. "ಅಮ್ಮಾ, ಅವತ್ತು ನೀವು ಇಲ್ಲದಿದ್ರ ನನ್ನ ಕಾಲು..." ಅಷ್ಟಕ್ಕೇ ತಡೆದಳು.

"ಸುಮ್ನ ಕುಂದ್ರು. ನಾ ಹೇಳಬೇಕು ಅದನ್ನ. ಆ ಕೆಂಡ ನಾ ಇಟ್ಟಿದ್ದು."

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು.

"ಏನ್ ಥಂಡಿ ಇರ್ತಿತ್ತು ಆ ಹಿತ್ತಲದಾಗ. ಬಾಯ್ಲರಿಂದ ಒಂದು ಪುಟ್ಟಿ ಕೆಂಡ ಕದ್ದು ತಂದು, ತಗ್ಗು ಮಾಡಿ, ಗೆಣಸು ಹಾಕಿ, ಮ್ಯಾಲೆ ಬೂದಿ ಎಳೀತಿದ್ದೆ. ಯಾರಿಗೂ ಕಾಣಬಾರದಂತ ಅದರ ಮ್ಯಾಲೆ ಒಂದಿಷ್ಟು ಹೊಟ್ಟು ಉದುರಿಸ್ತಿದ್ದೆ. ಹೊಟ್ಟಿನ ಹತ್ರ ಬೆಂಕಿ ತಂದಾಕಿನ್ನ ನಿಮ್ಮಪ್ಪ ಅವತ್ತೇ ಮನಿಗೆ ಕಳಸ್ತಿದ್ರು. ಕಡಕ್ ಮನಿಷಾ. ನನಗ ಮೂರು ಮಕ್ಳು, ಗಂಡ ಇದ್ದೂ ಇದ್ದಿಲ್ಲ. ನೀ ಒಂದು ಮಾತು ಅಂದಿದ್ರ ನನ್ನ ಕೆಲಸ ಹೋಗ್ತಿತ್ತು." ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಒತ್ತಿದಳು. "ಹತ್ತು ವರ್ಷದ ಕೂಸು. ಕಾಲು ಸುಟ್ಟು ಬೊಬ್ಬಿ ಎದ್ದೈತಿ. ಆದ್ರೂ ಏನೂ ಹೇಳಂಗಿಲ್ಲ ಅಂತು. ನನ್ನ ಕೈಯಾಗಿನ ಬಿಸಿ ಗೆಣಸು ನೋಡಿ ನಿನಗೆಲ್ಲ ಗೊತ್ತಾಗಿತ್ತು. ಗೊತ್ತಾಗೇ ಬಾಯಿ ಮುಚ್ಕಂಡಿ. ನನ್ನ ಮೊಮ್ಮಕ್ಳಿಗೆಲ್ಲ ಇದನ್ನ ಹೇಳೀನಿ. ಅಂಥಾ ಎದಿ ಇರಬೇಕು ಅಂತ."

ಆ ಗೆಣಸು ಎಲ್ಲಿಂದ ಬಿಸಿಯಾಗಿ ಬಂತು ಎಂದು ನಾನು ನಲವತ್ತೆರಡು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಎಲ್ಲದಕ್ಕೂ ಹೆದರುವವನಿಗೆ ಯೋಚಿಸಲು ಹೊತ್ತೆಲ್ಲಿರುತ್ತದೆ. "ಇಲ್ಲಮ್ಮಾ, ನಾನು ಅಪ್ಪಗ ಅಂಜಿ ಸುಮ್ನಿದ್ದೆ, ಅಷ್ಟೇ" ಎಂದೆ. ನಿಜವಾಗಿಯೂ ಎಂದೆ, ಅಕ್ಕ ಸಾಕ್ಷಿ. ಹುಲಿಗೆಮ್ಮ ಮಗಳ ಕಡೆ ತಿರುಗಿ, "ನೋಡಿದೇನ, ದೊಡ್ಡತನ ಇದ್ದೋರು ಹಿಂಗ ಅಂತಾರ" ಎಂದಳು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು, "ನೀವು ಅಳಲಿಲ್ಲೇನ್ರಿ ಅವತ್ತು?" ಎಂದು ಕೇಳಿದಳು. ಮುದುಕಿಯ ಕೈ ಇನ್ನೂ ನನ್ನ ಕೈಯ ಮೇಲೆಯೇ ಇತ್ತು. ಆ ಮುಖದಲ್ಲಿದ್ದ ಸಮಾಧಾನವನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. "ಸ್ವಲ್ಪ" ಎಂದೆ. ಅಕ್ಕನಿಗೆ ಕೆಮ್ಮು ಬಂತು.

ಹೊರಗೆ ಬಂದಮೇಲೆ ಅಕ್ಕ ಓಣಿಯ ತಿರುವಿನವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ತಿರುವಿನಲ್ಲಿ ನಿಂತು, "ಬಚ್ಚಲ ಒಲಿ?" ಎಂದಳು. ನಾನು ನೆಲ ನೋಡಿದೆ. "ನನಗ ಎರಡು ಬಿದ್ವಲ್ಲೋ ಭಾಡ್ಯಾ." "ಬಿದ್ವು." "ನೋಡ್ಕಂತ ಕುಂತಿದ್ದಿ." "ಕುಂತಿದ್ದೆ." ಐವತ್ತಾರು ವರ್ಷದ ಅಕ್ಕ ನಡುರಸ್ತೆಯಲ್ಲಿ ನನ್ನ ಬೆನ್ನಿಗೆ ಎರಡು ಗುದ್ದು ಕೊಟ್ಟಳು. ಆಮೇಲೆ ನಗಲು ಶುರುಮಾಡಿದವಳು ಕಟ್ಟೆಯ ಮೇಲೆ ಕೂರಬೇಕಾಯಿತು. "ಆಕಿಗೆ ಹೇಳಬ್ಯಾಡ ಬಿಡು" ಎಂದಳು ಕಣ್ಣೊರೆಸಿಕೊಳ್ಳುತ್ತ. "ನೀ ಸುಳ್ಳು ಹೇಳಿದ್ದಕ್ಕ ಆಕಿ ಮೂರು ಮಕ್ಳು ಉಂಡ್ವು. ನನ್ನ ಏಟೂ ದಂಡಾಗಲಿಲ್ಲ." ನಾನು ಜೀವನದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲದೆ, ಹೆದರಿ, ಅಕ್ಕನ ಬೆನ್ನಿನ ಮೇಲೆ ಆಗಿಹೋಗಿತ್ತು. ಅದಕ್ಕಾಗಿ ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ, ಅಲ್ಲೇ ಕೂತಿದ್ದ ಅಕ್ಕನಿಗೆ ಒಂದು ಕಬ್ಬಿನ ಹಾಲು ಕುಡಿಸಿ ಬಸ್ಸು ಹತ್ತಿದೆ.

ಬಳ್ಳಾರಿ ಬರುವಷ್ಟರಲ್ಲಿ ನನಗೆ ಹುಲಿಗೆಮ್ಮನ ಕಥೆಯೇ ನಿಜವಿರಬಹುದೇನೋ ಎನ್ನಿಸತೊಡಗಿತ್ತು. ಮಕ್ಕಳ ಮನಸ್ಸು ಆಳವಾದದ್ದು. ಆ ಗೆಣಸನ್ನು ನೋಡಿದಾಗ ನನ್ನೊಳಗೆ ಏನೋ ಹೊಳೆದಿದ್ದರೂ ಹೊಳೆದಿರಬಹುದು. ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಲೇ ಸುಮಂಗಲಾಗೆ ಎಲ್ಲವನ್ನೂ ಹೇಳಿದೆ, ಹುಲಿಗೆಮ್ಮ ಹೇಳಿದ ರೀತಿಯಲ್ಲೇ. ಅವಳು ಕಾಯಿಪಲ್ಯೆ ಹೆಚ್ಚುವುದನ್ನು ನಿಲ್ಲಿಸದೆ ಕೊನೆಯವರೆಗೂ ಕೇಳಿದಳು.

"ಅಂಜಿ ಸುಮ್ನಿದ್ದಿರಿ ಅನ್ರಿ" ಎಂದಳು. "ಕಾಲು ತೊಳ್ಕಂಡು ಬರ್ರಿ, ಊಟಕ್ಕ ಹಾಕ್ತೀನಿ."